ಎರಡು ಕಂಪೆನಿಯ ಗೇರ್‌ಬಾಕ್ಸು, ವಸಂತಿ ಟೀಚರ ಕಾರು

ನಿವೃತ್ತನಾದ ಮೇಲೆ ಒಮ್ಮೆ, ನಾನು ಕೊನೆಗೆ ಕೆಲಸ ಮಾಡಿದ ವರ್ಕ್‌ಶಾಪಿನವರು ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಲಿಕ್ಕೆ ಕರೆದಿದ್ದರು. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಳಿದು ನಡೆದುಕೊಂಡೇ ಹೋದೆ. ಶಾಲು ಹೊದೆಸಿದರು. ಗಿರಾಕಿಗಳ ಹತ್ತಿರ ಹೇಗೆ ಮಾತಾಡಬೇಕು, ಗ್ರೀಸಿನ ಕೈಯನ್ನು ಸೀಟಿಗೆ ಯಾಕೆ ತಾಗಿಸಬಾರದು ಎಂದೆಲ್ಲ ಹೇಳಿ ಮುಗಿಸಿದೆ. ಆಗ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸರ್, ನೀವು ಎರಡು ಕಂಪೆನಿಯಲ್ಲಿ ಕೆಲಸ ಮಾಡಿದವರು. ಸಿವಿಟಿ ಗೇರ್‌ಬಾಕ್ಸ್ ಯಾರದ್ದು ಜಾಸ್ತಿ ಬಾಳಿಕೆ ಬರ್ತದೆ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮ್ಯಾನೇಜರರು, "ನಮ್ಮದೇ! ಇನ್ನು ಯಾರದ್ದು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟಕ್ಕೆ ಹೊತ್ತಾಗಿತ್ತು.

ಆ ಹುಡುಗಿ ನಗಲಿಲ್ಲ. ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ ಊಟಕ್ಕೆ ಮೊದಲು ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗೇರ್‌ಬಾಕ್ಸ್ ಅಂದರೆ ಹಲ್ಲಿನ ಚಕ್ರಗಳು. ಶಬ್ದ ಕೇಳಿದರೆ ಸಾಕು, ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳಬಹುದಿತ್ತು. ನಮ್ಮ ವರ್ಕ್ಸ್ ಮ್ಯಾನೇಜರ್ ಪ್ರಭು ಸರ್ ಅದರಲ್ಲಿ ನಿಸ್ಸೀಮರು. ಕಾರು ಗೇಟಿನ ಒಳಗೆ ಬರುವಾಗಲೇ, "ಶೆಟ್ರೇ, ಮೂರನೇ ಗೇರು" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಮೂರನೇ ಗೇರೇ. ತಪ್ಪಿದ ದಿನ ಮಾತ್ರ ಎಲ್ಲರಿಗೂ ಅವರ ಲೆಕ್ಕದಲ್ಲಿ ಚಹಾ, ಗೋಳಿಬಜೆ.

ಆಮೇಲೆ ಮೊದಲ ಸಿವಿಟಿ ಕಾರುಗಳು ಬಂದವು. ಬೆಲ್ಟಿನ ಗೇರ್‌ಬಾಕ್ಸ್ ಅಂದಾಗ ನಮ್ಮ ಹಳೆಯ ಕೈಗಳೆಲ್ಲ ಸ್ಕೂಟರನ್ನು ನೆನೆಸಿಕೊಂಡು ನಕ್ಕರು. ಇದು ರಬ್ಬರಿನ ಬೆಲ್ಟ್ ಅಲ್ಲ. ತೆಳುವಾದ ಉಕ್ಕಿನ ತುಂಡುಗಳನ್ನು ಒತ್ತೊತ್ತಾಗಿ ಪೋಣಿಸಿ ಮಾಡಿದ ಬೆಲ್ಟ್. ಎರಡು ರಾಟೆಗಳ ನಡುವೆ ಅದು ಓಡುತ್ತದೆ. ರಾಟೆಯ ಎರಡು ಕೆನ್ನೆಗಳು ಹತ್ತಿರ ಬಂದರೆ ಬೆಲ್ಟ್ ಮೇಲೇರುತ್ತದೆ, ದೂರ ಹೋದರೆ ಕೆಳಗಿಳಿಯುತ್ತದೆ. ಹಾಗಾಗಿ ಒಂದು, ಎರಡು, ಮೂರು ಎಂಬ ಗೇರುಗಳೇ ಇಲ್ಲ. ವೇಗ ನೀರಿನ ಹಾಗೆ ಏರುತ್ತದೆ, ಇಳಿಯುತ್ತದೆ. ಕ್ಲಚ್ ಒತ್ತುವ ಕೆಲಸವಿಲ್ಲ, ಎಡಗಾಲಿಗೆ ಪೂರ್ತಿ ವಿರಾಮ.

ತರಬೇತಿ ಕೊಡಲು ಬಂದವರು ಇದನ್ನೆಲ್ಲ ಚಿತ್ರದಲ್ಲಿ ಚಂದ ಮಾಡಿ ತೋರಿಸಿದರು. ಕೊನೆಯಲ್ಲಿ, "ಇದನ್ನು ಡೀಲರ್ ಮಟ್ಟದಲ್ಲಿ ಬಿಚ್ಚುವ ಹಾಗಿಲ್ಲ. ಹಾಳಾದರೆ ಇಡೀ ಬಾಕ್ಸ್ ಬದಲಾಯಿಸುವುದು" ಎಂದರು.

ನನ್ನ ಹಿಂದೆ ಕೂತಿದ್ದ ಪ್ರಭು ಸರ್ ಬಗ್ಗಿ ಕಿವಿಯಲ್ಲಿ ಹೇಳಿದರು: "ಬಿಚ್ಚದೆ ಕಲಿಯುವುದು ಎಂತದನ್ನು ಮಾರಾಯ?"

ಅವರು ನಿವೃತ್ತರಾಗಿ ಹೋದರು. ಬಿಚ್ಚದೆ ಕಲಿಯುವ ಕಾಲಕ್ಕೆ ನಾವು ಉಳಿದೆವು. ಎಷ್ಟು ಕಡಿಮೆ ಕಲಿತೆವು ಎನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ನಮ್ಮ ಮೆಕ್ಯಾನಿಕ್ ಒಬ್ಬ ಸಿವಿಟಿಯ ಎಣ್ಣೆ ಕಡಿಮೆಯಾಗಿದೆ ಎಂದು ಮಾಮೂಲು ಆಟೊಮ್ಯಾಟಿಕ್ ಗಾಡಿಯ ಎಣ್ಣೆ ಸುರಿದ. ಎರಡೂ ಕೆಂಪು ಛಾಯೆಯ ಎಣ್ಣೆಯೇ. ಕಾರು ಒಳ್ಳೆಯದಾಗಿಯೇ ಹೊರಗೆ ಹೋಯಿತು. ಮುಂದಿನ ವಾರ ಟೋ ಮಾಡಿಸಿಕೊಂಡು ಬಂತು. ಈ ಗೇರ್‌ಬಾಕ್ಸಿನಲ್ಲಿ ಎಣ್ಣೆ ಜಾರಿಸುವುದಕ್ಕೆ ಮಾತ್ರ ಇರುವುದಲ್ಲ. ಉಕ್ಕು ಉಕ್ಕನ್ನು ಹಿಡಿದುಕೊಳ್ಳುವುದೂ ಅದೇ ಎಣ್ಣೆಯ ಬಲದಿಂದ. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ಹುಡುಗನನ್ನು ಕೆಲಸದಿಂದ ತೆಗೆದರು. ಹೇಳದೆ ಇದ್ದವರಿಗೆ ಏನೂ ಆಗಲಿಲ್ಲ.

ಆ ದಿನಗಳಲ್ಲೇ ವಸಂತಿ ಟೀಚರ್ ಶೋರೂಮಿಗೆ ಬಂದದ್ದು.

ಕಾಟಿಪಳ್ಳದವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಶಾಲೆಗೆ ಬರಲು ಆಗದ ಮಕ್ಕಳಿದ್ದಾರಲ್ಲ, ಹಾಸಿಗೆಯಲ್ಲೇ ಇರುವವರು, ಕೂರಲು ಆಗದವರು, ಅಂಥವರ ಮನೆಗೇ ಹೋಗಿ ಪಾಠ ಮಾಡುವ ಕೆಲಸ ಅವರದ್ದು. ಮಕ್ಕಳ ಮನೆಗಳು ಹೆಚ್ಚಾಗಿ ಬಸ್ಸು ಹೋಗುವ ದಾರಿಯಲ್ಲಿರುವುದಿಲ್ಲ. ರಿಕ್ಷಾ ಮಾಡಿಕೊಂಡು ದಿನಕ್ಕೆ ಒಂದೋ ಎರಡೋ ಮನೆಗೆ ಹೋಗುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು.

ಸೇಲ್ಸಿನ ಹುಡುಗ ಮೈಲೇಜು, ಬಣ್ಣ, ದೊಡ್ಡ ಪರದೆ ಎಂದು ವರ್ಣಿಸುತ್ತಿದ್ದ. ಟೀಚರ್ ಅವನನ್ನು ಕೈಯಲ್ಲೇ ತಡೆದು ನನ್ನ ಕಡೆ ತಿರುಗಿದರು.

"ನನಗೆ ಅದೆಲ್ಲ ಬೇಡ ಸರ್. ಎಡಗಾಲು ಕೇಳದ ಗಾಡಿ ಉಂಟಾ?"

"ಉಂಟು ಟೀಚರ್."

"ಹಾಗಾದರೆ ಅದನ್ನೇ ಕೊಡಿ."

ಅವರು ಕಾರು ಬಿಡಲು ಕಲಿತದ್ದು ನಮ್ಮ ಕಣ್ಣೆದುರಿಗೇ. ಮೊದಲ ಸರ್ವಿಸಿಗೆ ಬಂದಾಗ ಇಳಿದವರೇ, "ಈಗ ಒಂದೇ ದಿನದಲ್ಲಿ ನಾಲ್ಕು ಮನೆಗೆ ಹೋಗ್ತೇನೆ ಶೆಟ್ರೇ. ಒಂದು ಮನೆಯಲ್ಲಿ ಮಗು ನನ್ನ ಹೆಗಲಿಗೆ ಒರಗಿ ಕೂರುವಷ್ಟು ಆಗಿದೆ" ಎಂದರು. ನಾವು ಮಾರಿದ ಕಾರುಗಳಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ.

ಕೆಲವು ವರ್ಷಗಳಲ್ಲಿ ನಾನು ಆ ಕಂಪೆನಿ ಬಿಟ್ಟು ಇನ್ನೊಂದು ಕಂಪೆನಿಯ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿಯೂ ಸಿವಿಟಿ ಇತ್ತು. ಎರಡನ್ನೂ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದ್ದು ಹಾಗೆ.

ಎರಡನೇ ಕಂಪೆನಿಯ ಗಾಡಿಗಳ ಬಗ್ಗೆ ದೂರುಗಳೋ ದೂರುಗಳು. "ಆಕ್ಸಿಲರೇಟರ್ ಕೊಟ್ರೆ ಬೊಬ್ಬೆ ಹೊಡೀತದೆ, ಮುಂದೆ ಮಾತ್ರ ಹೋಗುದಿಲ್ಲ." "ಎಂತ ಶೆಟ್ರೇ, ಗಾಡಿ ಕೂಗ್ತದೆ." ದಿನಾ ಬೆಳಿಗ್ಗೆ ಇದೇ. ಮೊದಲನೇ ಕಂಪೆನಿಯ ಗಾಡಿಯ ಬಗ್ಗೆ ನಾನು ಅಷ್ಟು ದೂರು ಕೇಳಿರಲಿಲ್ಲ. ಅದು ಬೆಣ್ಣೆಯ ಹಾಗೆ ಹೋಗುತ್ತಿತ್ತು. ಆದ್ದರಿಂದ ಮೊದಲನೆಯದೇ ಒಳ್ಳೆಯದು ಎಂದು ನಾನೂ ನಂಬಿದ್ದೆ, ಕೇಳಿದವರಿಗೆ ಹೇಳುತ್ತಲೂ ಇದ್ದೆ.

ನನ್ನ ಈ ಮಾತಿಗೆ ಬಲವಾಗಿ ನಿಂತವರು ಹಮೀದಾಕ. ತೊಕ್ಕೊಟ್ಟಿನಲ್ಲಿ ಅವರ ಗ್ಯಾರೇಜು. ಗಲ್ಫಿನಲ್ಲಿ ಬಹಳ ವರ್ಷ ಬರೀ ಗೇರ್‌ಬಾಕ್ಸ್ ಕೆಲಸವನ್ನೇ ಮಾಡಿ ಬಂದವರು. ನಮ್ಮಿಬ್ಬರಿಗೂ ಸ್ನೇಹ. ಭಾನುವಾರ ಹೊಳೆಯ ಸೇತುವೆ ದಾಟಿ ಅವರಲ್ಲಿಗೆ ಹೋದರೆ ಚಹಾ ಕುಡಿದು ವಾದ ಮಾಡುವುದೇ ಕೆಲಸ. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ದನಿಯ ಬಿಸಿ ಇದರಲ್ಲಿ ಬರುವುದಿಲ್ಲ.

"ಆ ಮರುಭೂಮಿಯ ಸೆಕೆಯಲ್ಲಿ ಓಡಿದ ಬಾಕ್ಸ್ ಶೆಟ್ರೇ ಅದು! ನಮ್ಮ ಮಂಗಳೂರಿನಲ್ಲಿ ಅದಕ್ಕೆ ಎಂತ ಆಗ್ಲಿಕ್ಕುಂಟು?" ಎನ್ನುತ್ತಿದ್ದರು.

ಆಗಲಿಕ್ಕೆ ಇತ್ತು. ವರ್ಷಗಳು ಕಳೆದ ಹಾಗೆ ಮೊದಲನೇ ಕಂಪೆನಿಯ ಕಾರುಗಳು ಒಂದೊಂದೇ ನಿಲ್ಲತೊಡಗಿದವು. ಘಾಟಿ ಹತ್ತುವಾಗ, ಸಿಗ್ನಲಿನ ಏರಿನಲ್ಲಿ. ಮುನ್ಸೂಚನೆ ಎಂದರೆ ಸಣ್ಣ ನಡುಕ ಅಷ್ಟೆ, ಆಮೇಲೆ ಒಂದೇ ಸಲಕ್ಕೆ ಸ್ತಬ್ಧ. ದಿನಾ ಬೊಬ್ಬೆ ಹೊಡೆಯುತ್ತಿದ್ದ ಎರಡನೇ ಕಂಪೆನಿಯ ಗಾಡಿಗಳು ಮಾತ್ರ ಬೊಬ್ಬೆ ಹೊಡೆಯುತ್ತಲೇ ಓಡುತ್ತಿದ್ದವು. ದೂರು ಹೆಚ್ಚು ಬರುವುದು ಬೇರೆ, ಹಾಳಾಗುವುದು ಬೇರೆ. ಇದು ನನ್ನ ತಲೆಗೆ ಹೋಗಲು ಅಷ್ಟು ವರ್ಷ ಬೇಕಾಯಿತು.

ಕಾರಣ ಹುಡುಕಿದವರು ಹಮೀದಾಕನೇ. ಗಲ್ಫಿನ ತಮ್ಮ ಹಳೆಯ ಜೊತೆಗಾರರ ಹತ್ತಿರ ಫೋಟೋ ತರಿಸಿ ನೋಡಿದರು. ಅಲ್ಲಿಗೆ ಹೋಗುತ್ತಿದ್ದ ಕಾರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣಿಸಲು ಬೇರೆಯೇ ಒಂದು ಕೂಲರ್ ಇತ್ತು. ಇಲ್ಲಿ ಮಾರಿದ ಕಾರಿನಲ್ಲಿ ಅದಿರಲಿಲ್ಲ. ಮೇಲಿಂದ, ಎಣ್ಣೆಯನ್ನು ಬದಲಾಯಿಸುವ ಅಗತ್ಯವೇ ಇಲ್ಲ ಎಂದು ಇಲ್ಲಿನ ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಎರಡನೇ ಕಂಪೆನಿಯವರು ಕೂಲರನ್ನೂ ಇಟ್ಟಿದ್ದರು, ಎಣ್ಣೆ ಬದಲಾಯಿಸಬೇಕು ಎಂದೂ ಬರೆದಿದ್ದರು.

"ಹೆಸರು ಒಂದೇ, ಬಾಕ್ಸ್ ಒಂದೇ ಅಂತ ನಾನು ತಿಳ್ಕೊಂಡದ್ದು" ಎಂದು ಹಮೀದಾಕ ಫೋಟೋವನ್ನೇ ನೋಡುತ್ತ ಕೂತರು. "ನೋಡದೆ ಮಾತಾಡಿದೆ ಶೆಟ್ರೇ."

ಆಮೇಲಿನ ಮಳೆಗಾಲದಲ್ಲಿ ವಸಂತಿ ಟೀಚರ್ ಫೋನು ಮಾಡಿದರು. ಕಾರು ಸುರತ್ಕಲ್ ಹತ್ತಿರದ ಒಂದು ಏರಿನಲ್ಲಿ ನಡುಗಿ ನಿಂತಿತ್ತು. ಮೊದಲನೇ ಕಂಪೆನಿಯ ವರ್ಕ್‌ಶಾಪಿನವರು ಇಡೀ ಬಾಕ್ಸ್ ಬದಲಾಯಿಸಬೇಕು ಅಂದಿದ್ದರು. ವಾರಂಟಿ ಮುಗಿದು ಸ್ವಲ್ಪ ಕಾಲವಷ್ಟೇ ಆಗಿತ್ತು. ಅವರು ಹೇಳಿದ ಬೆಲೆಗೆ ಇನ್ನೊಂದು ಹಳೆಯ ಕಾರೇ ಬರುತ್ತಿತ್ತು.

ನಾನು ಒಂದು ದಿನ ರಜೆ ಹಾಕಿ ಟೀಚರ ಜೊತೆ ಅಲ್ಲಿಗೆ ಹೋದೆ. ನನ್ನ ಹಳೆಯ ಜಾಗವೇ. ಆ ದಿನ ಕಂಪೆನಿಯ ವಲಯದ ಅಧಿಕಾರಿಯೂ ಬಂದಿದ್ದರು. ಮರ್ಯಾದಸ್ಥ ಮನುಷ್ಯ, ಟೀಚರಿಗೆ ಕುರ್ಚಿ ಹಾಕಿಸಿದರು, ಎಳನೀರು ತರಿಸಿದರು. ನಾನು ಕೂಲರಿನ ವಿಷಯ ಎತ್ತಿದೆ.

"ಶೆಟ್ರೇ, ನೀವೀಗ ಬೇರೆ ಕಂಪೆನಿಯಲ್ಲಿದ್ದೀರಿ" ಎಂದು ಅವರು ನಕ್ಕರು. "ಈ ಮಾಡೆಲಿನಲ್ಲಿ ಇಂಥ ದೂರು ಬೇರೆಲ್ಲೂ ಬಂದಿಲ್ಲ."

"ಹೀಗೆ ನಿಂತ ಕಾರು ನಾಲ್ಕು ನಾನೇ ನೋಡಿದ್ದೇನೆ ಸರ್."

"ಡ್ರೈವಿಂಗ್ ಅಭ್ಯಾಸ ಇರ್ಬಹುದು."

ಟೀಚರ್ ಎಳನೀರು ಕೆಳಗಿಟ್ಟರು. "ನನ್ನ ಕಾಲಿನಿಂದ ಹಾಳಾಯ್ತು ಅಂತ ಹೇಳ್ತೀರಾ ಸರ್?"

ಅವರು ತಬ್ಬಿಬ್ಬಾಗಿ ಹಾಗಲ್ಲ, ಹಾಗಲ್ಲ ಅಂದರು. ಆದರೆ ಬಾಕ್ಸ್ ಕೊಡಲಿಲ್ಲ. ಒಳಗಿನ ಬಿಡಿಭಾಗ ಮಾತ್ರ ಕೊಡಿ, ನಾವೇ ರಿಪೇರಿ ಮಾಡಿಸಿಕೊಳ್ಳುತ್ತೇವೆ ಎಂದು ಕೇಳಿದೆ. ಬಿಡಿಭಾಗ ಮಾರುವ ಕ್ರಮವೇ ಇಲ್ಲವೆಂದರು.

ಹೊರಗೆ ಬಂದು ನಿಂತೆವು. ಟೀಚರ್ ಫೋನಿನಲ್ಲಿ ಯಾರದೋ ತಾಯಿಗೆ ಹೇಳುತ್ತಿದ್ದರು: "ಈ ವಾರವೂ ಬರ್ಲಿಕ್ಕೆ ಆಗುದಿಲ್ಲಮ್ಮ. ಅವನಿಗೆ ಹೇಳಿ, ಟೀಚರ್ ಬರ್ತಾರೆ ಅಂತ." ಅದನ್ನು ಕೇಳಿಸಿಕೊಂಡು ನಾನು ಹಮೀದಾಕನಿಗೆ ಫೋನು ಹಚ್ಚಿದೆ.

ತೊಕ್ಕೊಟ್ಟಿಗೆ ಕಾರನ್ನು ಟೋ ಮಾಡಿಸಿದೆವು. ಹಮೀದಾಕ ಬಾಕ್ಸ್ ಇಳಿಸಿ ಬಿಚ್ಚಿದರು. ಕನ್ನಡಿಯ ಹಾಗಿರಬೇಕಾದ ರಾಟೆಯ ಕೆನ್ನೆಗಳ ಮೇಲೆ ಉಗುರಿನಿಂದ ಗೀರಿದ ಹಾಗೆ ಸುತ್ತಲೂ ಗೆರೆಗಳಿದ್ದವು. ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿತ್ತು. ಪ್ರಭು ಸರ್ ಇದ್ದಿದ್ದರೆ ಎಷ್ಟು ಹೊತ್ತು ನೋಡುತ್ತ ಕೂರುತ್ತಿದ್ದರೋ. ಇಷ್ಟು ವರ್ಷ ನಾನು ಮಾರಿದ, ಸರ್ವಿಸ್ ಮಾಡಿದ ವಸ್ತುವಿನ ಒಳಗನ್ನು ಚಿತ್ರದಲ್ಲಲ್ಲದೆ ಕಣ್ಣಾರೆ ಕಂಡದ್ದು ಅಂದೇ.

ಗಲ್ಫಿನ ಗುಜರಿಯಿಂದ ರಾಟೆ ಮತ್ತು ಬೆಲ್ಟ್ ಬಂದವು. ಊರಿಗೆ ಬರುವ ಹುಡುಗರ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿಕೊಂಡು. ಕೂಡಿಸುವ ಮೊದಲು ಹಮೀದಾಕ ಟೀಚರನ್ನು ಕರೆದು ನೇರವಾಗಿಯೇ ಹೇಳಿದರು.

"ಟೀಚರ್, ಇದು ಹಳೇ ಸಾಮಾನು. ಕಂಪೆನಿಯ ಕಂಪ್ಯೂಟರ್ ಹಾಕಿ ಇದನ್ನು ಹೊಂದಿಸ್ಬೇಕು, ಅದು ನನ್ನ ಹತ್ರ ಇಲ್ಲ. ಎಷ್ಟು ದಿನ ಓಡ್ತದೆ ಅಂತ ನಾನು ಹೇಳುದಿಲ್ಲ."

"ಓಡಿದಷ್ಟು ದಿನ ನನ್ನ ಮಕ್ಕಳ ಮನೆಗೆ ಹೋಗ್ತೇನಲ್ಲ" ಎಂದರು ಟೀಚರ್. "ಬಿಚ್ಚಿ ಆಗಿದೆ, ಇನ್ನು ಕೂಡಿಸಿ ಹಮೀದಾಕ."

ಕೂಲರನ್ನೂ ಅವರೇ ಹೊಂದಿಸಿ ಕೂರಿಸಿದರು. ಕಾರು ಓಡಿತು. ಆ ಮಳೆಗಾಲ ಕಳೆದು, ಬೇಸಿಗೆಯೂ ಬಂತು. ಟೀಚರ ಮನೆಯಿಂದ ನಮ್ಮಿಬ್ಬರಿಗೂ ಹಲಸಿನ ಹಪ್ಪಳ ಬಂತು. ಹಮೀದಾಕ ಯಾರು ಸಿಕ್ಕಿದರೂ ಈ ಕತೆ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಮೊದಲನೇ ಕಂಪೆನಿಯ ಪ್ರಕಟಣೆ ಹೊರಬಿತ್ತು. ಆ ಮಾಡೆಲಿನ ಸಿವಿಟಿಯಲ್ಲಿ ದೋಷವಿರುವುದು ಕಂಡುಬಂದಿದೆ, ವಾರಂಟಿಯನ್ನು ಹಲವು ವರ್ಷ ವಿಸ್ತರಿಸಲಾಗಿದೆ, ಬಾಕ್ಸ್ ಹಾಳಾದ ಕಾರುಗಳಿಗೆ ಹೊಸದನ್ನು ಉಚಿತವಾಗಿ ಹಾಕಿಕೊಡಲಾಗುತ್ತದೆ ಎಂದು. ಬೇರೆಲ್ಲೂ ಬಾರದ ದೂರಿಗೆ ದೇಶಕ್ಕೆಲ್ಲ ಪರಿಹಾರ. ನಾನು ಅದನ್ನು ಫೋನಿನಲ್ಲಿ ಎರಡೆರಡು ಸಲ ಓದಿದೆ. ಟೀಚರ ಕಾರು ಓಡುತ್ತಿದೆಯಲ್ಲ, ಓಡಲಿ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೊಂದು ದಿನ ಅದು ಕೂಳೂರು ಸೇತುವೆಯ ಮೇಲೆ ನಿಂತಿತು. ಹಿಂದೆ ಲಾರಿಗಳ ಸಾಲು, ಹಾರ್ನು. ಟೀಚರಿಗೆ ಏನೂ ಆಗಲಿಲ್ಲ. ನಾಲ್ಕು ಜನ ಸೇರಿ ಕಾರನ್ನು ದೂಡಿ ಬದಿಗೆ ತಂದರು. ಅವರೇ ಕಂಪೆನಿಗೆ ಫೋನು ಮಾಡಿ, ಆಮೇಲೆ ನನಗೂ ಮಾಡಿದರು. ದನಿಯಲ್ಲಿ ಹೆದರಿಕೆ ಇತ್ತು, ಆದರೂ ಉತ್ಸಾಹವಿತ್ತು. "ಈಗ ಹೊಸ ಬಾಕ್ಸ್ ಹಾಕಿ ಕೊಡ್ತಾರಲ್ಲ ಶೆಟ್ರೇ?"

ನಾನು ಮೊದಲನೇ ಕಂಪೆನಿಯ ವರ್ಕ್‌ಶಾಪಿಗೆ ಹೋಗಿ ಮುಟ್ಟುವಾಗ ಕಾರು ಲಿಫ್ಟಿನ ಮೇಲಿತ್ತು. ವಾರಂಟಿ ನೋಡುವ ಯುವಕ ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದ. ಬೋಲ್ಟುಗಳ ಮೇಲೆ ಕಾರ್ಖಾನೆಯಲ್ಲಿ ಹಾಕಿದ ಬಣ್ಣದ ಗುರುತು ಒಡೆದಿತ್ತು. ಜೋಡಣೆಯಲ್ಲಿ ಬೇರೆ ಬಣ್ಣದ ಅಂಟು ಕಾಣುತ್ತಿತ್ತು. ಹಮೀದಾಕನ ಕೂಲರಂತೂ ಎದುರಿಗೇ ಇತ್ತು.

"ಸರ್, ಹೊರಗೆ ಬಿಚ್ಚಿದ್ದಾರಲ್ಲ" ಎಂದ ಮೆಲ್ಲಗೆ. "ಫೋಟೋ ಕಳಿಸ್ಲೇಬೇಕು. ಇದು ಪಾಸಾಗುದಿಲ್ಲ."

ಸುದ್ದಿ ತಿಳಿದು ಹಮೀದಾಕ ಸ್ಕೂಟರಿನಲ್ಲಿ ಬಂದರು. ಕೆಲಸದ ಬಟ್ಟೆಯಲ್ಲೇ. ಆ ಹೊಳೆಯುವ ನೆಲದ ಮೇಲೆ ಚಪ್ಪಲಿ ಬಿಟ್ಟು ಬರಬೇಕೋ ಬೇಡವೋ ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ನೇರ ಆ ಯುವಕನ ಮೇಜಿಗೆ ಬಂದರು.

"ಬಿಚ್ಚಿದ್ದು ನಾನು. ಟೀಚರಿಗೆ ಇದೆಲ್ಲ ಗೊತ್ತಿಲ್ಲ. ನೀವು ನನ್ನ ಮೇಲೆ ಬರೀರಿ, ಅವರಿಗೆ ಬಾಕ್ಸ್ ಕೊಡಿ."

"ಹಾಗೆ ಬರೀಲಿಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ ಹಮೀದಾಕ" ಎಂದ ಅವನು. ಅವನ ಕಣ್ಣು ಕೆಳಗಿತ್ತು. "ನನ್ನ ಕೈಯಲ್ಲಿದ್ದಿದ್ದರೆ ಕೊಡ್ತಿದ್ದೆ."

"ಹಳೇ ರಾಟೆ ನನ್ನ ಹತ್ರ ಉಂಟು, ತಂದು ತೋರಿಸ್ತೇನೆ. ಹಾಳಾಗಿದ್ದದ್ದು ನಿಮ್ಮದೇ ಸಾಮಾನು. ನಾನು ಹಾಳು ಮಾಡಿದ್ದಲ್ಲ."

"ಗೊತ್ತುಂಟು."

"ಗೊತ್ತಿದ್ದರೆ ಮತ್ತೆ?"

ಟೀಚರ್ ಎದ್ದು ಬಂದು, "ಸಾಕು ಹಮೀದಾಕ, ಬನ್ನಿ" ಎಂದರು. ಮೂವರೂ ಹೊರಗೆ ಬಂದೆವು. ವಲಯದ ಅಧಿಕಾರಿಗೆ ನಾನು ಎಷ್ಟೋ ಸಲ ಬರೆದೆ. ಎರಡು ಸಲ ಸೌಜನ್ಯದ ಉತ್ತರ ಬಂತು, ಆಮೇಲೆ ಅದೂ ನಿಂತಿತು. ನನ್ನ ಕಂಪೆನಿಯ ಮ್ಯಾನೇಜರರು ಕರೆದು, ಇನ್ನೊಂದು ಕಂಪೆನಿಯ ಜಗಳಕ್ಕೆ ನೀವೇಕೆ ಹೋಗುತ್ತೀರಿ ಎಂದು ಕೇಳಿದರು.

ಎರಡನೇ ಸಲ ಹಾಳಾದದ್ದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಳೆಯ ಬೆಲ್ಟೋ, ಕಂಪ್ಯೂಟರಿನಲ್ಲಿ ಹೊಂದಿಸದೆ ಉಳಿದ ಎಣ್ಣೆಯ ಒತ್ತಡವೋ. ಮತ್ತೊಮ್ಮೆ ಬಿಚ್ಚಿ ನೋಡಲು ಹಮೀದಾಕ ಒಪ್ಪಲಿಲ್ಲ. ಟೀಚರ್ ಕಾರನ್ನು ಇದ್ದ ಹಾಗೆಯೇ ಕೊಟ್ಟುಬಿಟ್ಟರು. ಕೊಂಡವನು ಅದನ್ನು ಬಿಡಿಬಿಡಿಯಾಗಿ ಮಾರಿದನಂತೆ. ಟೀಚರನ್ನು ಮನೆಮನೆಗೆ ಹೋಗುವ ಕೆಲಸದಿಂದ ಬಿಡಿಸಿ ಕಚೇರಿಯ ಕೆಲಸಕ್ಕೆ ಹಾಕಿದರು. ಅವರು ಹೋಗುತ್ತಿದ್ದ ಮನೆಗಳಿಗೆ ಬೇರೆ ಯಾರನ್ನೋ ನೇಮಿಸಿದರು. ಬಸ್ಸು ಹೋಗುವ ದಾರಿಯ ಮನೆಗಳಿಗೆ ಮಾತ್ರ ಆ ಹೊಸಬರು ಹೋಗುತ್ತಾರೆ ಎಂದು ಕೇಳಿದೆ.

ಈಗ ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ. ಅಮ್ಮಾ, ಕಂಪೆನಿಯ ಹೆಸರು ನೋಡಬೇಡ. ಅದೇ ಕಂಪೆನಿ ಒಂದು ದೇಶಕ್ಕೆ ಕೂಲರ್ ಹಾಕಿ ಕಳಿಸುತ್ತದೆ, ಇನ್ನೊಂದು ದೇಶಕ್ಕೆ ತೆಗೆದು ಕಳಿಸುತ್ತದೆ. ಎಣ್ಣೆ ಬದಲಾಯಿಸುವುದೇ ಬೇಡ ಎನ್ನುವವರನ್ನು ನಂಬಬೇಡ. ಗಿರಾಕಿಗಳ ಬೊಬ್ಬೆಯನ್ನು ಎಣಿಸಿ ಬಾಳಿಕೆ ಅಳೆಯಬೇಡ. ಒಳಗಿನ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳು. ದೋಷ ಇದೆ ಎಂದು ಒಪ್ಪಿಕೊಳ್ಳಲು ಕಂಪೆನಿಗೆ ಎಷ್ಟು ಕಾಲ ಬೇಕಾಗುತ್ತದೆ ಎಂದು ಹಳೆಯ ಗಿರಾಕಿಗಳನ್ನು ಕೇಳು. ನನ್ನ ಮಟ್ಟಿಗೆ ಎರಡು ಕಂಪೆನಿಗಳ ನಡುವಿನ ವ್ಯತ್ಯಾಸ ಇಷ್ಟೇ. ಉಳಿದಂತೆ ಉಕ್ಕು ಎಲ್ಲಿಯದ್ದಾದರೂ ಉಕ್ಕೇ.

ಈಚೆಗೆ ಸುರತ್ಕಲ್‌ನಲ್ಲಿ ವಸಂತಿ ಟೀಚರ್ ಸಿಕ್ಕಿದ್ದರು. ಬಸ್ಸಿಗೆ ಕಾಯುತ್ತಿದ್ದರು. ಕ್ಷೇಮ ಸಮಾಚಾರ ಮಾತಾಡಿದ ಮೇಲೆ, "ಹಮೀದಾಕ ಹೇಗಿದ್ದಾರೆ?" ಎಂದು ಕೇಳಿದರು.

"ಈಗ ಬ್ರೇಕು, ಕ್ಲಚ್ಚು ಮಾತ್ರ. ಆಟೊಮ್ಯಾಟಿಕ್ ಬಂದ್ರೆ ವಾಪಸು ಕಳಿಸ್ತಾರೆ."

ಟೀಚರ್ ಬಸ್ಸು ಬರುವ ದಾರಿಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಅವರಿಗೆ ಒಂದು ಮಾತು ಹೇಳಿ ಶೆಟ್ರೇ. ಅವರು ಸರಿ ಮಾಡಿ ಕೊಟ್ಟ ಮೇಲೆ ಅಷ್ಟು ತಿಂಗಳು ನಾನು ಒಂದು ದಿನವೂ ತಪ್ಪಿಸ್ಲಿಲ್ಲ. ಒಬ್ಬ ಹುಡುಗ ಆ ಸಮಯದಲ್ಲೇ ತನ್ನ ಹೆಸರು ಬರೀಲಿಕ್ಕೆ ಕಲಿತದ್ದು. ಕಂಪೆನಿಯವರು ಕೊಡ್ತಾರೆ ಅಂತ ಕಾದು ಕೂತಿದ್ದರೆ ಅದೂ ಆಗ್ತಿರ್ಲಿಲ್ಲ."

ಮರುದಿನವೇ ತೊಕ್ಕೊಟ್ಟಿಗೆ ಹೋದೆ. ಹಮೀದಾಕ ಒಂದು ಚಕ್ರದ ಎದುರು ಕೂತು ಬ್ರೇಕಿನ ಕೆಲಸ ಮಾಡುತ್ತಿದ್ದರು. ಟೀಚರ್ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಅವರ ಮುಖ ಅರಳಬಹುದು ಎಂದುಕೊಂಡಿದ್ದೆ. ಅವರು ಹತ್ತಿಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಬೆರಳು ಬೆರಳಿನ ಸಂದಿಯನ್ನೂ.

"ಟೀಚರ್ ಈಗ ಎಂತದರಲ್ಲಿ ಹೋಗ್ತಾರೆ?" ಎಂದು ಕೇಳಿದರು.

"ಬಸ್ಸಿನಲ್ಲಿ."

ಹಮೀದಾಕ ತಲೆಯಾಡಿಸಿ ಚಕ್ರದ ಕಡೆಗೆ ತಿರುಗಿದರು.